ಎಡಗೈ

ಭಾನುವಾರ ಆರಕ್ಕೇ ಸೈನ್ಸ್ ಮೈದಾನದಲ್ಲಿ
ಹನ್ನೊಂದು ಗಾಡಿ. ಹನ್ನೊಂದೂ ಕೆಮ್ಮುತ್ತಿದ್ದವು.
ಚೋಕ್ ಎಳೆದು, ಬಾನೆಟ್ ಎತ್ತಿ,
ಮಾಲೀಕರೆಲ್ಲ ತಲೆ ಒಳಗಿಟ್ಟು ನಿಂತಿದ್ದರು
ತೊಟ್ಟಿಲೊಳಗೆ ಇಣುಕುವವರ ಹಾಗೆ.

ನಾನು ಕ್ಲಬ್ಬಿನ ಮೆಂಬರಲ್ಲ.
ಆಟೋ ಕಾಂಪ್ಲೆಕ್ಸಿನ ವೈರಿಂಗ್ ನಾಗೋಜಿ.
ಸಾಲಿನ ಕೊನೆಗೆ ನನ್ನ ಓಮ್ನಿ,
ಹಿಂದುಗಡೆ ಎರಡು ಬ್ಯಾಟರಿ, ನಾಲ್ಕು ಫ್ಯಾನ್‌ಬೆಲ್ಟ್,
ಪಾಯಿಂಟು, ಕಂಡೆನ್ಸರು, ಎಳೆಯುವ ಹಗ್ಗ,
ಎರಡು ಕ್ಯಾನ್ ನೀರು. ಅದು ಗಾಡಿಗಳಿಗೆ;
ಮನುಷ್ಯರ ಬಾಟ್ಲಿ ಬೇರೆ.

ಮುಂದಿರುವವರು ಬೆಟ್ಟ ನೋಡುತ್ತಾರೆ.
ನಾನು ನೋಡುವುದು ಹೊಗೆ.
ನೀಲಿಯಾದರೆ ಪಿಸ್ಟನ್ ರಿಂಗು,
ಕಪ್ಪಾದರೆ ಕಾರ್ಬ್ಯುರೇಟರು,
ಬಿಳಿಯಾದರೆ ಸಂಜೆ ಮನೆಯಲ್ಲಿ ಜಗಳ.

ಡಾಕ್ಟರ್ ಕುಮುದಿನಿಯವರ ಮಾರಿಸ್ ಮೈನರಿಗೆ
ಹೊಗೆಯೂ ಇಲ್ಲ, ತಿರುವಿನ ಮಿನುಗು ದೀಪವೂ ಇಲ್ಲ.
ಅದಕ್ಕೆ ಕೈ ಇದೆ.
ಬಾಗಿಲ ಪಕ್ಕದ ಸೀಳಿನಿಂದ ಟಪ್ಪೆಂದು ಏಳುತ್ತದೆ,
ಗೇಣುದ್ದ, ಒಳಗೊಂದು ಕಿತ್ತಳೆ ಬೆಳಕು,
ಉತ್ತರ ಗೊತ್ತಿರುವ ಹುಡುಗಿ
ಮೊದಲ ಬೆಂಚಿನಲ್ಲಿ ಎತ್ತಿದಂತೆ.
ಹೋದ ಶುಕ್ರವಾರ ಅದರ ಕಾಯಿಲ್ ಸುತ್ತಿದವನು ನಾನೇ.

ಸಕ್ರೆಬೈಲಿನಲ್ಲಿ ಆನೆಗಳು ನೀರಿಗಿಳಿಯುವ ಹೊತ್ತು.
ಈರಭದ್ರಪ್ಪನವರ ಲ್ಯಾಂಡ್‌ಮಾಸ್ಟರು ಸುಮ್ಮನೆ ಹಾರ್ನ್ ಹೊಡೆಯಿತು.
ಒಂದು ಆನೆ ನಿಂತು, ಕಿವಿ ಬಿಡಿಸಿ,
ಎಲ್ಲೋ ಕೇಳಿದ ದನಿ ಅಂದುಕೊಂಡು
ಮತ್ತೆ ಹೊಳೆಗೆ ಹೋಯಿತು.

ತೀರ್ಥಹಳ್ಳಿಯಲ್ಲಿ ಕೊಟ್ಟೆಕಡುಬು, ಕಾಫಿ, ಫೋಟೋ.
ಮಫ್ಲರ್ ಕಟ್ಟಿದ ಅಜ್ಜನೊಬ್ಬ
ಅಂಬಾಸಿಡರಿನ ಹಿಂಬಾಗಿಲು ತೆಗೆದು ಹಾಕಿದ,
ತೆಗೆದು ಹಾಕಿದ, ಮತ್ತೊಮ್ಮೆ.
‘ಈ ಸದ್ದು ಕೇಳಿ ನನ್ನ ಹೆಂಡತಿ ಎದ್ದು ಬಂದಳು
ದಿಬ್ಬಣದ ದಿನ’ ಅಂದ.
ಹೆಸರು ಕೇಳೋಣ ಅನ್ನುವಷ್ಟರಲ್ಲಿ
ಕೊಪ್ಪದ ಬಸ್ಸು ಬಂತು.

ಮೇಗರವಳ್ಳಿ ದಾಟಿ ಅಲ್ಮೇಡಾ ವಕೀಲರ ಫಿಯೆಟ್ ನಿಂತಿತು.
ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿದೆ.
‘ಜ್ವರವಾ?’
‘ಜ್ವರವೇ ಸ್ವಾಮಿ. ಮಾತಾಡಿಸಬೇಡಿ, ಮಲಗಲಿ.’
ಅರ್ಧ ಗಂಟೆ ರಸ್ತೆ ಬದಿಯಲ್ಲಿ ಕೂತು
ಕೋರ್ಟಿನ ಕಥೆ ಕೇಳಿದೆ.

ಆಗುಂಬೆ ಮುಟ್ಟಿದಾಗ ಕವಲಿನಲ್ಲಿ ಮಾರಿಸ್ ಒಂದೇ.
ಹಿಂದಿನವರಿಗೆ ದಾರಿ ತೋರಿಸಲೆಂದು
ಅದನ್ನು ಅಲ್ಲಿ ನಿಲ್ಲಿಸಿದ್ದರಂತೆ.
ಬದಿಗೆ ಸರಿಯುವಾಗ ಎದ್ದ ಎಡಗೈ
ಕೆಳಗಿಳಿಯದೆ ಹಾಗೇ ನಿಂತಿದೆ.
ಡಾಕ್ಟರು ಅಂಗಡಿಯೊಳಗೆ ಬನ್ ತಿನ್ನುತ್ತಿದ್ದಾರೆ.
ಮೊದಲೇ ಹೋದ ಐದು ನೇರ ಘಾಟಿಯ ಕಡೆ.
ಆಮೇಲೆ ಬಂದ ನಾಲ್ಕು,
ಕೈ ತೋರಿಸಿದಲ್ಲಿ ತಿರುಗಿ,
ಶೃಂಗೇರಿ ರಸ್ತೆಯಲ್ಲಿ ಮಾಯ.

ಫೋನಿಗೆ ಸಿಗ್ನಲ್ ಇಲ್ಲ. ಬೆನ್ನು ಹತ್ತಿದೆವು,
ಓಮ್ನಿ, ಫಿಯೆಟ್ಟು, ನಗು ತಡೆಯಲಾಗದ ಡಾಕ್ಟರು.
ಬೇಗಾರಿನ ಆಚೆ ಒಂದು ಶಾಲೆಯ ಮೈದಾನ.
ಕ್ರಿಕೆಟ್ ನಿಂತಿದೆ.
ವಿಲ್ಲೀಸ್ ಜೀಪಿನ ಹ್ಯಾಂಡಲ್ ತಿರುಗಿಸಲು ಹುಡುಗರ ಸಾಲು,
ಬ್ಯಾಟಿಂಗಿಗೆ ಇದ್ದುದಕ್ಕಿಂತ ಉದ್ದ.
ಫಯಾಜ್ ಸಾಹೇಬರು ಹೆರಾಲ್ಡಿನ ಟಾಪು ಮಡಚಿ
ಅಂಪೈರನ್ನು ಪಕ್ಕದಲ್ಲಿ ಕೂರಿಸಿಕೊಂಡು
ಬೌಂಡರಿ ಗೆರೆಯ ಮೇಲೇ ಸುತ್ತುತ್ತಿದ್ದಾರೆ.
‘ಘಾಟಿ ಇದೇನಾ ನಾಗೋಜಿ?’
‘ಅಲ್ಲ ಸಾಹೇಬರೇ.’
‘ಹಾಗಾದರೆ ಬುತ್ತಿ ಬಿಚ್ಚು.’

ಘಾಟಿಗೆ ಹೋದ ಐವರು ಸೂರ್ಯಾಸ್ತದ ಕಟ್ಟೆಯಲ್ಲಿ
ಮಧ್ಯಾಹ್ನ ಎರಡರವರೆಗೆ ಕಾದರಂತೆ.
ಕಾರ್ಯದರ್ಶಿ ಕೆಂಡ.
ಮುಂದಿನ ಸಲ ಮ್ಯಾಪ್, ವಾಕಿಟಾಕಿ, ದಂಡ,
ಅದನ್ನು ಮೊದಲು ಸರಿ ಮಾಡಿಸಿ ಅಂದರು.

ಕೀಲಿಗೆ ಎರಡು ಹನಿ ಎಣ್ಣೆ ಸಾಕು.
ಎಣ್ಣೆ ನನ್ನ ಜೇಬಿನಲ್ಲೇ ಇತ್ತು.
‘ನೋಡೋಣ’ ಅಂದೆ.
ಡಾಕ್ಟರು ಬೆರಳಿನಿಂದ ಮೆಲ್ಲಗೆ ಒತ್ತಿ
ಅದನ್ನು ಒಳಗೆ ಮಲಗಿಸಿದರು.

ಸೋಮವಾರ ಬಿಲ್ಲು ಬರೆದೆ:
ಫ್ಯಾನ್‌ಬೆಲ್ಟ್ ಒಂದು, ಒದ್ದೆ ಬಟ್ಟೆ ಪುಕ್ಕಟೆ,
ಓಮ್ನಿಯ ಪೆಟ್ರೋಲು, ಹೋಗಿ ಬಂದದ್ದು,
ಬೇಗಾರಿನದೂ ಸೇರಿ.
ಕೈಯ ಲೆಕ್ಕ ಹಿಡಿಯಲಿಲ್ಲ.