ಮಿಶ್ರ ಮಾಧ್ಯಮ

ಗೋಡೆಯ ಪಕ್ಕ ಅಂಗೈಯಗಲದ ಚೀಟಿ:
ರೆಜಿನಾ ಸೆಲ್ವರಾಜ್. 'ಸಂಪಂಗಿ'. ಮಿಶ್ರ ಮಾಧ್ಯಮ.
ಅರವತ್ತೆರಡು ಅಡಿ ಉದ್ದ, ಒಂಬತ್ತು ಅಗಲ.
ಓದಿ ಹೇಳಿದವಳು ಪದ್ಮಾಸಿನಿ.
ನಾನು ಕನ್ನಡಕ ಮರೆತು ಬಂದಿದ್ದೆ.

ಮಿಶ್ರ ಮಾಧ್ಯಮ ಅಂದ್ರೇನೇ, ಅಂದೆ.
ಚಿಂದಿ ಕಣಕ್ಕಾ, ಅಂದಳು.

ಯಾವ ಚಿಂದಿ ಅಂತ ನಾನು ಹೇಳಬಲ್ಲೆ.
ಎಡತುದಿಯ ತಿಳಿನೀಲಿ, ನನ್ನ ಮಗ ಎರಡನೇ ಕ್ಲಾಸಿಗೆ ಹಾಕಿದ ಅಂಗಿ;
ಜೇಬು ಕಿತ್ತ ಜಾಗದಲ್ಲಿ ಮಾತ್ರ ಇನ್ನೂ ಜೂನ್ ತಿಂಗಳ ಬಣ್ಣ.
ಅದರ ಕೆಳಗೆ, ಕಬ್ಬನ್‌ಪೇಟೆಯಲ್ಲಿ ಮಗ್ಗ ಬಿಚ್ಚಿದ ದಿನ
ತಿಪ್ಪಯ್ಯನವರು ತೂಕಕ್ಕೆ ಹಾಕದೆ ಉಳಿಸಿಕೊಂಡ
ಅಂಚಿಲ್ಲದ ಒಂದೂವರೆ ಗಜ ರೇಷ್ಮೆ.
ಆಸ್ಪತ್ರೆಯ ಹಸಿರು ಪರದೆ. ಯಾರದೋ ಮದುವೆಯ ಶಾಮಿಯಾನ.
ಜೈಬುನ್ನಿಸಾ ತಂದ ದುಪಟ್ಟಾ
ಯಾರದು ಅಂತ ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ,
ನಟ್ಟನಡುವೆ ಇಟ್ಟು ಹೊಲಿದೆವು.

ರೆಜಿನಾ ಮೊದಲು ನಮ್ಮ ಬೀದಿಗೆ ಬಂದಾಗ
ಸಾಲ ವಸೂಲಿಯವಳು ಅಂತ ಬಾಗಿಲು ಹಾಕಿಕೊಂಡಿದ್ದೆವು.
ಕೆರೆ ಹೊಲಿಯಬೇಕು, ಅಂದಳು ಕಿಟಕಿಯಲ್ಲೇ ನಿಂತು.
ಕಾಲರಾದರೆ ಗಂಟೆಗೆ ಅರವತ್ತು,
ಕೆರೆಗೆ ಎಷ್ಟು ಟಾರ್ಗೆಟ್ಟು? ಕೇಳಿದವಳು ಪದ್ಮಾಸಿನಿ.
ರೆಜಿನಾ ನಕ್ಕುಬಿಟ್ಟಳು. ಭಾನುವಾರಕ್ಕೆ ಮುನ್ನೂರು, ಊಟ ಬೇರೆ.

ಏಳು ಭಾನುವಾರ, ಸಮುದಾಯ ಭವನದ ನೆಲದ ಮೇಲೆ.
ನಾನು ಹೊಲಿದ ಮೀನಿಗೆ ರೆಕ್ಕೆ ಒಂದು ಹೆಚ್ಚಾಯಿತು,
ಬಿಚ್ಚಲು ಬ್ಲೇಡು ಹುಡುಕುತ್ತಿದ್ದೆ.
ಬೇಡ, ಇರಲಿ, ಅಂದಳು.
ಹದಿನಾಲ್ಕು ವರ್ಷದ ಕೆಲಸದಲ್ಲಿ ಆ ಮಾತು
ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.
ಎದ್ದು ಹೋಗಿ ನೀರು ಕುಡಿದು ಬಂದೆ.

ಕಾರ್ನಿವಲ್ ದಿನ ನಲವತ್ತು ಜನ
ನಲವತ್ತು ತೂತುಗಳಲ್ಲಿ ತಲೆ ತೂರಿಸಿ ಕೆರೆ ತೊಟ್ಟೆವು.
ಮುಂದೆ ತಮಟೆ; ಹಿಂದೆ ಮರಗಾಲು ಕಟ್ಟಿಕೊಂಡ
ಪೌರಕಾರ್ಮಿಕರ ಮಕ್ಕಳು, ಹಾಲಿನ ಕವರಿನ ರೆಕ್ಕೆಯ ಕೊಕ್ಕರೆಗಳು.
ಒಮ್ಮೆ ನೀರಿದ್ದ ಕಡೆಗೆ, ಸ್ಟೇಡಿಯಮ್ಮಿನ ಸುತ್ತ ನಡೆದೆವು.
ಹಡ್ಸನ್ ಸರ್ಕಲ್ಲಿನಲ್ಲಿ ಸಿಗ್ನಲ್ ಬಿತ್ತು. ಕೆರೆ ನಿಂತಿತು.
ಆಟೋದವನೊಬ್ಬ ಕತ್ತು ಹೊರಹಾಕಿ,
ಅಕ್ಕಾ, ದಾರಿ ಬಿಡಿ, ಇಲ್ಲಾ ದೋಣಿ ಕೊಡಿ.

ಆಮೇಲೆ ಮಳೆ.
ಸುಲ್ತಾನ್‌ಪೇಟೆಯ ಅಗ್ಗದ ಬಣ್ಣ ಎಷ್ಟು ಹೊತ್ತು ತಡೆದೀತು?
ಕತ್ತು, ರವಿಕೆ, ಉಗುರ ಸಂದಿ, ಎಲ್ಲಾ ನೀಲಿ.
ಯಾರೂ ಓಡಲಿಲ್ಲ. ಒಬ್ಬಳು ಓಡಿದರೆ
ಮೂವತ್ತೊಂಬತ್ತು ಜನ ಬೀಳುತ್ತಿದ್ದೆವು.

ಇಲ್ಲಿ ಎ.ಸಿ. ಬೀಸಿದಾಗ ಮಾತ್ರ ಕೆರೆಗೆ ಅಲೆ.
ನಲವತ್ತು ಕತ್ತಿನ ತೂತುಗಳಲ್ಲಿ ಬಿಳಿ ಗೋಡೆ.
ಎಡದಿಂದ ಹನ್ನೊಂದನೆಯದು ನನ್ನದು.
ಅಮ್ಮಾ, ಗೆರೆ ದಾಟಬೇಡಿ, ಅಂದ ಕಾವಲಿನ ಹುಡುಗ.
ದಾಟಲಿಲ್ಲ. ಅಳತೆ ತಪ್ಪು ಅಂತ ಮಾತ್ರ ಹೇಳಿದೆ:
ನೆನೆದ ಬಟ್ಟೆ ಕುಗ್ಗುತ್ತದೆ, ಮಗಾ,
ಈಗ ಅರವತ್ತು ಮುಕ್ಕಾಲೂ ಇರಲಿಕ್ಕಿಲ್ಲ.

ಚೀಟಿಯಲ್ಲಿ ಇಲ್ಲದ್ದು ಇನ್ನೂ ಒಂದಿದೆ.
ಮೆರವಣಿಗೆಯ ಮರುದಿನ ಸೋಮವಾರ, ಬಿಳಿ ಶರ್ಟಿನ ಲಾಟು.
ಎಷ್ಟು ತಿಕ್ಕಿದರೂ ಕೈ ಬಿಳಿಯಾಗಿರಲಿಲ್ಲ.
ಹನ್ನೆರಡು ಶರ್ಟು ಹಿಡಿದ ಸೂಪರ್‌ವೈಸರ್, ಅರ್ಧ ದಿನದ ಕೂಲಿ ಮುರಿದ.
ಹದಿಮೂರನೆಯದು ನನ್ನ ಕಣ್ಣೆದುರೇ
ಇಸ್ತ್ರಿಯಾಗಿ, ಮಡಿಚಿ, ಪೆಟ್ಟಿಗೆ ಸೇರಿ, ಲಾರಿ ಹತ್ತಿತು.
ನಾನು ಸುಮ್ಮನಿದ್ದೆ.

ಯಾವ ದೇಶವೋ. ಯಾರ ಕತ್ತೋ.
ಕಾಲರಿನ ಒಳಮಡಿಕೆಯಲ್ಲಿ ನನ್ನ ಹೆಬ್ಬೆಟ್ಟು, ನೀಲಿ.
ಅದರ ಪಕ್ಕದಲ್ಲೇ ಹೊಲಿದ ಚೀಟಿ
ಹೇಳುತ್ತಿರುತ್ತದೆ: ನೂರಕ್ಕೆ ನೂರು ಹತ್ತಿ.