ಇಲ್ಲದ ನಾಡಿಗೆ ಅಚ್ಚು

ನಗರ್ತಪೇಟೆಯ ಈ ಓಣಿಯಲ್ಲಿ ನಾನು ಕೊರೆಯದ ಅಚ್ಚಿಲ್ಲ:
ಮಠದ ಮುದ್ರೆ, ಬೆಳ್ಳಿ ಕಾಸಿನ ಲಕ್ಷ್ಮಿ,
ಸೈಕಲ್ ಸ್ಟ್ಯಾಂಡಿನ ಹಿತ್ತಾಳೆ ಬಿಲ್ಲೆ.
ಎಲ್ಲವನ್ನೂ ಕನ್ನಡಿಯೊಳಗಿನ ಹಾಗೆ ತಿರುವುಮುರುವಾಗಿ ಕೊರೆದು ಕೊರೆದು
ಈಗ ನೆಟ್ಟಗಿನ ಅಕ್ಷರದ ಮೇಲೇ ನನಗೆ ತುಸು ಅನುಮಾನ.

ಆಷಾಢದ ಒಂದು ಮಧ್ಯಾಹ್ನ, ವ್ಯಾಪಾರ ಮಲಗಿದ್ದಾಗ,
ಬಿಲ್ಕೀಸ್ ಬಾನು ಬಂದಳು. ಮೆಟ್ರೋ ಕೌಂಟರಿನಲ್ಲಿ ಕೆಲಸ.
ದಿನವಿಡೀ ಟೋಕನ್ ಕೊಡುತ್ತಾಳೆ,
ಒಂದೇ ಪಯಣದ ಆಯುಸ್ಸಿನ ಪ್ಲಾಸ್ಟಿಕ್ ನಾಣ್ಯ,
ಇಳಿದ ಕಡೆ ಗೇಟು ನುಂಗಿಬಿಡುತ್ತದೆ.
ಬ್ಯಾಗಿನಿಂದ ತೆಗೆದಳು ಲೆಕ್ಕದ ಪುಸ್ತಕ:
ಹನ್ನೊಂದು ವರ್ಷದಿಂದ ಕಟ್ಟುತ್ತಿರುವ ನಾಡು, ಹೆಸರು ಹಿಂಬೆಳಗು.
ನದಿ ಇತ್ತು, ಸಂತೆ ಇತ್ತು, ಗಾಳಿಗೆ ಸುಂಕ ಇತ್ತು.
ದುಡ್ಡೊಂದೇ ಇರಲಿಲ್ಲ.

"ಏಳು ತೊಟ್ಟಿಗೆ ಒಂದು ಬೊಗಸೆ,
ಹನ್ನೊಂದು ಬೊಗಸೆಗೆ ಒಂದು ಕೊಡ."
"ಹತ್ತಕ್ಕೆ ಹತ್ತು ಇಟ್ಟರೆ ಸುಲಭ ಅಲ್ವೇನಮ್ಮಾ?"
"ಸುಲಭ ಬೇಡ. ಅಲ್ಲಿ ಯಾರೂ ಕ್ಯೂನಲ್ಲಿಲ್ಲ.
ಚಿಲ್ಲರೆ ಎಣಿಸೋವಾಗ ಎರಡು ಮಾತಾಡಲಿ."

ನಾನೂ ಕೇಳಿದೆ, ಕಸುಬಿನವನು ಕೇಳಬೇಕಾದ್ದನ್ನು.
ಯಾವ ಲೋಹ? ಗಣಿ ಎಲ್ಲಿದೆ?
ಖೋಟಾ ನಾಣ್ಯ ಹೊಡೆದವನಿಗೆ ಏನು ಶಿಕ್ಷೆ?
ಕಣ್ಣಿಲ್ಲದವರ ಬೆರಳಿಗೆ ಗುರುತು ಸಿಗುವುದು ಹೇಗೆ?
ತೊಟ್ಟಿಗಿಂತ ಚಿಕ್ಕದು ಉಂಟೇ, ಇಲ್ಲವಾದರೆ ಇಲ್ಲಿಯ ಕಂಡಕ್ಟರ್
ಟಿಕೆಟ್ಟಿನ ಬೆನ್ನಿಗೆ ಎರಡು ರೂಪಾಯಿ ಬರೆದು ಮರೆಯುವ ಹಾಗೆ
ಅಲ್ಲೂ ಮರೆಯುತ್ತಾರಾ?
ಪೆನ್ನು ತೆಗೆದು ಬರೆದುಕೊಂಡಳು. ಉಳಿದವಕ್ಕೆ ಉತ್ತರ ಇರಲಿಲ್ಲ,
ಖೋಟಾದವನ ಬಗ್ಗೆ ಮಾತ್ರ ತಟ್ಟನೆ ಅಂದಳು:
"ಅವನಿಗೆ ಟಂಕಸಾಲೆಯಲ್ಲೇ ಕೆಲಸ."

ಮುಖ? ರಾಜನದೇ. ಆದರೆ
(ಇಲ್ಲಿ ಅವಳ ದನಿ ತಗ್ಗಿತು)
ರಾಜ ಸವೆದಂತೆಲ್ಲ ಅವನಡಿಯಿಂದ ಒಂದು ಟಿಟ್ಟಿಭ ಏಳಬೇಕು.

ನಕ್ಕೆ. ಆಮೇಲೆ ರಾತ್ರಿ ನಿದ್ದೆ ಬರಲಿಲ್ಲ.
ನಾಣ್ಯದಲ್ಲಿ ಮೊದಲು ಸವೆಯುವುದು ಮೂಗು,
ಆಮೇಲೆ ಕೆನ್ನೆ, ಕಿರೀಟದ ಅಂಚು;
ಇದು ಎಲ್ಲ ರಾಜರಿಗೂ ಗೊತ್ತಿರಬೇಕಿತ್ತು.
ಅಂದರೆ ಹಕ್ಕಿಯ ಗೀರುಗಳನ್ನು ಎಲ್ಲಕ್ಕಿಂತ ತಗ್ಗಿಗೆ ಇಳಿಸಬೇಕು,
ಕೊಕ್ಕು ಕಿವಿಯ ಸುರುಳಿಯಲ್ಲಿ, ರೆಕ್ಕೆ ಗಡ್ಡದ ಬುಡದಲ್ಲಿ,
ಕೂದಲೆಳೆ ಕೂದಲೆಳೆ ಆಳದ ಲೆಕ್ಕ.
ಮೂರು ಉಕ್ಕು ಹಾಳಾದವು. ನಾಲ್ಕನೆಯದರಲ್ಲಿ
ರಾಜನಿಗೆ ನನ್ನ ಮಾವನ ಮುಖ ಬಂತು. ಹಾಗೇ ಬಿಟ್ಟೆ.

ಕೂಲಿ ಕೊಡಲು ಫೋನ್ ಎತ್ತಿದಳು. ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬಿ
ಓಣಿಗೆಲ್ಲ ಕೇಳುವಂತೆ ಕೂಗಿತು, ಒಂಬೈನೂರು ರೂಪಾಯಿ ಬಂತೆಂದು.
ಮೈಯಿಲ್ಲದ ದುಡ್ಡು, ಬರೀ ಗಂಟಲು.
ಅವಳೋ ಬೊಗಸೆಯೊಂದನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಿದ್ದಳು,
ತಣ್ಣಗಿದ್ದದ್ದು ಬೆಚ್ಚಗಾಗುವ ತನಕ.

"ಹಕ್ಕಿ ಯಾವಾಗ ಬರುತ್ತೆ?"
"ನೂರು ವರ್ಷ. ಕೈಗಳು ಸಾಕಷ್ಟಿದ್ದರೆ."
ಎಮರಿ ಕಾಗದದಲ್ಲಿ ಉಜ್ಜಿ ತೋರಿಸಲಾ ಅಂದೆ.
ಬೇಡ ಅಂದಳು.

ಅಚ್ಚು ಪರೀಕ್ಷೆಗೆಂದು ಹೊಡೆದ ಒಂದು ಬಿಲ್ಲೆ ನನ್ನಲ್ಲೇ ಉಳಿದಿತ್ತು.
ಟೀ ಅಂಗಡಿಯ ಶಾಂತವೀರನಿಗೆ ಕೊಟ್ಟೆ. ತಿರುಗಿಸಿ ನೋಡಿ
"ಎಷ್ಟರದು ಇದು?" ಅಂದ. "ಏಳು ತೊಟ್ಟು."
ಮರುಮಾತಿಲ್ಲದೆ ಅರ್ಧ ಲೋಟ ಬಗ್ಗಿಸಿದ.
ಅವನಿಂದ ಜರಿ ದಾರದ ಧರ್ಮೋಜಿಗೆ, ಅಲ್ಲಿಂದ ತಕ್ಕಡಿ ಅಂಗಡಿಗೆ,
ಹಮಾಲಿ ಮುನಿಚೌಡನ ಕಿವಿಯ ಸಂದಿಗೆ, ಮತ್ತೆ ಟೀಗೆ.
ನಮ್ಮ ಓಣಿಯಲ್ಲಿ ಈಗ ಅದು ಅರ್ಧ ಟೀ, ಇಲ್ಲವೇ ಒಂದು ನಿಂಬೆಹಣ್ಣು,
ಇಲ್ಲವೇ ಐದು ನಿಮಿಷ ಇನ್ನೊಬ್ಬರ ಗಾಡಿ ಕಾಯುವುದು.

ದೀಪಾವಳಿ ಕಳೆದ ಮೇಲೆ ಒಂದು ದಿನ ನನ್ನ ಗಲ್ಲಕ್ಕೇ ಬಂತು.
ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ನೋಡಿದೆ.
ಮಾವನ ಮೂಗಿನ ತುದಿ ಚೂರು ಹೊಳೆಯುತ್ತಿದೆ, ಅಷ್ಟೆ.
ಸಂಜೆಗೆ ಖರ್ಚು ಮಾಡಿದೆ.