ಎರಡು ಮೊಳ, ಮೇಲೆ ಚೂರು

ಹ್ಯಾಮಿಲ್ಟನ್ನಿನ ಆಸ್ಪತ್ರೆಯಲ್ಲಿ, ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ
ಚಾದರ ಮಡಿಸಲು ಇಬ್ಬರು ಬೇಕು.
ಎರಡು ತುದಿ ಅವಳದು, ಎರಡು ನನ್ನದು.
ಒಂದು ಮಾರು ದೂರದಿಂದ ಶುರು,
ಮಡಿಕೆಗೊಂದು ಹೆಜ್ಜೆ ಹತ್ತಿರ,
ಬೆರಳಿಗೆ ಬೆರಳು ತಾಗಿದರೆ ಮುಗಿಯಿತು, ಮುಂದಿನದು.
ಹನ್ನೊಂದು ವರ್ಷ ಹೀಗೇ,
ಇಲ್ಡಾ ಫಗುಂಡೆಸ್, ನಾನು,
ನಡುವೆ ಯಾರ್ಯಾರದೋ ಜ್ವರ ಕುಡಿದು ಬಿಳುಚಿದ ಬಟ್ಟೆ.

ಐದಕ್ಕೆ ಪಾಳಿ. ಆ ಹೊತ್ತಿಗೆ ಅವಳ ಬೀದಿಗೆ ಬಸ್ಸಿಲ್ಲ,
ಸೈಕಲ್ಲು.
ರೈಲು ಹಳಿಯ ಮೇಲಿನ ಸೇತುವೆಯಲ್ಲಿ
ರಸ್ತೆ ಉಸಿರು ಬಿಗಿಹಿಡಿದ ಹಾಗೆ ಕಿರಿದು.
ಅಂಚಿನಲ್ಲಿ ಒಡೆದ ಗಾಜು, ಉಪ್ಪು, ಹಿಮದ ಕೆಸರು,
ಚಕ್ರ ನುಂಗುವ ಅಳತೆಗೇ ಮಾಡಿಸಿದಂಥ ಮೋರಿಯ ಸರಳು.
"ಅಂಚಿಗೆ ಹೋಗು ಅಂತ ಕೂಗುವವರು
ಒಮ್ಮೆ ಇಳಿದು ಬಂದು ಅಂಚು ನೋಡಲಿ," ಎನ್ನುತ್ತಾಳೆ.

ಬಾಗಿಲು ತೆರೆದವರನ್ನು ಲೋಕ ದೊಡ್ಡ ಮನಸ್ಸಿನವರೆನ್ನುತ್ತದೆ.
ಅವಳಿಗೆ ತೆರೆದದ್ದು ರಸ್ತೆ ಬದಿ ನಿಂತ ಕಾರಿನ ಬಾಗಿಲು.
ಹೆಗಲ ಮೂಳೆ ಎರಡಾಯಿತು.
"ನೋಡಲಿಲ್ಲ" ಅಂದನಂತೆ ಆತ,
ತಪ್ಪನ್ನೇ ಹೇಳಿ, ಕ್ಷಮೆ ಕೇಳಿದೆ ಅಂದುಕೊಂಡು.

ಮೂಳೆ ಕೂಡಿದ ಮೇಲೆ
ಮೊಮ್ಮಗಳ ಈಜುಕೊಳದ ಆಟಿಕೆ, ಗಿಳಿಹಸಿರು ಸ್ಪಂಜಿನ ಕೊಳವೆ,
ಕ್ಯಾರಿಯರಿಗೆ ಅಡ್ಡ ಕಟ್ಟಿದಳು, ರಸ್ತೆಯ ಕಡೆಗೆ ಚಾಚಿ.
ಒಂಟಾರಿಯೋದ ಕಾನೂನು ಹೇಳುವುದು ಒಂದು ಮೀಟರು.
ಊಟದ ಮೇಜಿನ ಮೇಲೆ ಮೊಣಕೈ ಊರಿ ಅಳೆದು ತೋರಿಸಿದಳು:
ಎರಡು ಮೊಳ, ಮೇಲೆ ಚೂರು.
"ಆರಡಿ ಮೂರಡಿ ಆಮೇಲೆ ಹೇಗೂ ಕೊಡ್ತಾರೆ,
ಈಗ ಇಷ್ಟು ಕೊಟ್ಟರೆ ಸಾಕು."
ನಕ್ಕೆವು ಎಲ್ಲರೂ.
ಆದರೆ ಕೊಳವೆ ಕೆಲಸ ಮಾಡಿತು.
ಜೀವಕ್ಕೆ ಜಾಗ ಬಿಡದವರು
ಕಾರಿನ ಬಣ್ಣಕ್ಕೆ ಗೀರಾದೀತೆಂದು
ದೂರ ಸರಿದು ಹೋದರು.

ಫೆಬ್ರವರಿಯ ಒಂದು ಬೆಳಗ್ಗೆ ಬಂದಾಗ ಕೊಳವೆ ಅರ್ಧಕ್ಕೆ ತುಂಡು.
ಅವಳ ಕೈ ನಡುಗುತ್ತಿತ್ತು;
ಚಾದರದುದ್ದ ಹಾದು ನನ್ನ ಬೆರಳಿಗೆ ಬಂತು ಆ ನಡುಕ.
"ಪಿಕಪ್ಪು. ಸೇತುವೆ ಮೇಲೆ. ಹಾರ್ನ್ ಹೊಡೆದ,
ಆಮೇಲೆ ಉಜ್ಜಿಕೊಂಡೇ ಹೋದ.
ಹಿಮ ಬೀಳ್ತಿತ್ತು, ನಂಬರ್ ಕಾಣಲಿಲ್ಲ."
ನಾನು ಮೂಲೆ ಸರಿಮಾಡಿದೆ.

ಹೊರಗೆ ನಿಂತಿತ್ತು ನನ್ನ ಪಿಕಪ್ಪು,
ಬಲಗಡೆಯ ಕನ್ನಡಿಯ ಕೆಳಗೆ ಗಿಳಿಹಸಿರು ಗೀಟು.

ನಾಲ್ಕು ನಿಮಿಷ ತಡವಾಗಿತ್ತು ಆ ದಿನ.
ಬೇರೆ ಕಾರಣವಿರಲಿಲ್ಲ, ಹುಡುಕಿ ನೋಡಿದ್ದೇನೆ.
ಕತ್ತಲಿಗೆ ಹಸಿರೂ ಕಪ್ಪೇ. ಒಂದು ಕೆಂಪು ದೀಪ, ಒಂದು ಬೆನ್ನು,
ನನ್ನ ನಾಲ್ಕು ನಿಮಿಷದ ಮೇಲೆ ಕೂತ ಯಾರೋ.
ನೋಡಲಿಲ್ಲ ಅನ್ನೋಣವೆಂದರೆ
ಆ ಮಾತನ್ನು ಮೊದಲೇ ಒಬ್ಬ ಬಳಸಿಬಿಟ್ಟಿದ್ದ.
ತಿನ್ನರ್ ಹಾಕಿ ಉಜ್ಜಿದೆ.
ಹಸಿರು ಹೋಯಿತು, ಜೊತೆಗೆ ಬಣ್ಣವೂ;
ಅಷ್ಟೇ ಉದ್ದದ ಬರಿ ತಗಡು ಉಳಿಯಿತು.

ಮುಂದಿನ ವಾರ ಹತ್ತು ನಿಮಿಷ ಮೊದಲೇ ಹೊರಟೆ.
ಸೇತುವೆಯ ಬುಡದಲ್ಲಿ ಸಿಕ್ಕಳು. ಹೊಸ ಕೊಳವೆ, ಕಿತ್ತಳೆ.
ದೂರ ಬಿಟ್ಟು ಅವಳ ವೇಗಕ್ಕೇ ಇಳಿದೆ.
ಮುಳ್ಳು ಹದಿನಾಲ್ಕರಲ್ಲಿ ತೂಗಾಡುತ್ತಿತ್ತು.
ನನ್ನ ಹಿಂದೆ ಒಂದು ಜೊತೆ ದೀಪ, ಎರಡು, ಐದು.
ಹಾರ್ನು. ಇನ್ನೊಂದು, ಉದ್ದದ್ದು, ಬೆನ್ನಹುರಿಗೆ ಇಳಿಯುವಂಥದ್ದು.
ಎರಡು ಟನ್ ಕಬ್ಬಿಣದೊಳಗೆ ಬೆಚ್ಚಗೆ ಕೂತೂ
ನನ್ನ ಹೆಗಲು ಕಿವಿಗೇರಿತು.
ಅವಳು ತಿರುಗಿ ನೋಡಲಿಲ್ಲ.
ತಿರುಗಿದರೆ ಹ್ಯಾಂಡಲ್ ಅಲುಗುತ್ತದೆ.

"ಇವತ್ತು ಯಾಕೋ ಸೇತುವೆ ಮೇಲೆ
ಯಾರೂ ನನ್ನ ದಾಟಿ ಹೋಗಲಿಲ್ಲ," ಅಂದಳು, ಚಾದರ ಕೊಡವುತ್ತ.
"ಹೌದಾ" ಅಂದೆ.

ಒಂದು ಮಾರು. ಮಡಿಕೆ. ಹೆಜ್ಜೆ.
ಎರಡು ಮೊಳ, ಮೇಲೆ ಚೂರು.
ಅಲ್ಲಿ ಅವಳು ಗಳಿಗೆ ಹೊತ್ತು ನಿಂತಳು,
ಅಳೆಯುವವಳ ಹಾಗೆ ನನ್ನನ್ನೇ ನೋಡುತ್ತ.
ಆಮೇಲೆ ಮುಂದೆ ಬಂದು
ತನ್ನೆರಡು ತುದಿಗಳನ್ನು ನನ್ನ ಕೈಗಿತ್ತಳು.